ಕೆರೆಯ ಚೌಕದಲ್ಲಿ ಗಟ್ಟಿಮೇಳ

ಆ ಭಾನುವಾರ ಬೆಳಿಗ್ಗೆ ಮಾಡಿದ ಕೆಲಸಗಳು: ಲೈಟ್ ಹಾಕಿದ ಓವನ್ನಿನೊಳಗೆ ಹುದುಗಲು ಇಟ್ಟಿದ್ದ ಇಡ್ಲಿ ಹಿಟ್ಟು ಉಕ್ಕಿ ಚೆಲ್ಲಿತ್ತು, ಅದನ್ನು ಒರೆಸಿದೆ. ದೇವರ ದೀಪ ಹಚ್ಚಿದೆ. ವಾಷರ್‌ಗೆ ಬಟ್ಟೆ ಹಾಕಿದೆ. ಇವರ ಕೆಂಪು ಜುಬ್ಬ ಬಣ್ಣ ಬಿಡುತ್ತದೆಂದು ಅದೊಂದನ್ನು ಕೈಯಲ್ಲಿ ಒಗೆದು ಡೆಕ್ಕಿನ ಕುರ್ಚಿಗೆ ಹೊದಿಸಿದೆ. ನಮ್ಮ ಟೌನ್‌ಹೌಸ್ ಸಾಲಿನಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಹಾಕುವಂತಿಲ್ಲ. ಕುರ್ಚಿಯ ಮೇಲೆ ಮರೆತು ಬಿಟ್ಟ ಹಾಗೆ ಬಿಟ್ಟರೆ ಯಾರೂ ಕೇಳುವುದಿಲ್ಲ. ಮಗಳ ತಲೆಗೆ ಎಣ್ಣೆ ಹಚ್ಚಲು ಹೋಗಿ ಬೈಸಿಕೊಂಡೆ. ಬ್ಯಾಂಡಿನವರಿಗೆಲ್ಲ ಆಗುವಷ್ಟು ಚಿತ್ರಾನ್ನ ಕಲಸಿದೆ, ಹುರಿದ ಕಡಲೆಬೀಜ ಮೆತ್ತಗಾಗಬಾರದೆಂದು ಬೇರೆ ಡಬ್ಬಿಗೆ ಹಾಕಿಟ್ಟೆ. ಕೊನೆಗೆ ಬಾಣಲೆಯಲ್ಲಿ ಕಲ್ಲುಪ್ಪು ಹುರಿದು, ಹಳೆ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಇವರ ಬಲಗೆನ್ನೆಗೆ ಶಾಖ ಕೊಟ್ಟೆ.

ಈ ಕೊನೆಯ ಕೆಲಸ ಒಂದೂವರೆ ವರ್ಷದಿಂದ ನನಗೆ ಹಾಲು ಕಾಯಿಸುವಷ್ಟೇ ಅಭ್ಯಾಸವಾಗಿತ್ತು.

ಆಗ ನಾವು ಅಮೆರಿಕದ ರೆಸ್ಟನ್ ಎಂಬ ಊರಿನಲ್ಲಿದ್ದೆವು. ಒಂದು ಚಳಿಗಾಲದ ಬೆಳಿಗ್ಗೆ ಇವರು ಹಲ್ಲುಜ್ಜಿ ಬಾಯಿ ಮುಕ್ಕಳಿಸುವಾಗ ನೀರು ಬಲಗಡೆಯ ತುದಿಯಿಂದ ತಾನಾಗಿ ಸುರಿದುಹೋಯಿತು. "ಇದೆಂತ ಮಾರಾಯ್ತಿ, ನನ್ನ ಬಾಯಿ ನನ್ನ ಮಾತೇ ಕೇಳುದಿಲ್ಲ" ಎಂದು ನಗಲು ಹೋದರು. ಮುಖದ ಎಡಭಾಗ ಮಾತ್ರ ನಕ್ಕಿತು. ಪಾರ್ಶ್ವವಾಯುವೇ ಬಡಿಯಿತೆಂದು ಹೆದರಿ ಆಂಬುಲೆನ್ಸ್ ಕರೆಸಿದೆ. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಅದಲ್ಲ, ಮುಖದ ಒಂದು ನರ ಊದಿಕೊಂಡಿದೆ, ಹೆಚ್ಚಿನವರಿಗೆ ತಾನಾಗಿ ಸರಿಹೋಗುತ್ತದೆ ಎಂದರು. ಬಲಗಣ್ಣಿನ ರೆಪ್ಪೆ ನಿದ್ದೆಯಲ್ಲೂ ಮುಚ್ಚುತ್ತಿರಲಿಲ್ಲ. ಕಣ್ಣು ಒಣಗಬಾರದೆಂದು ಮಲಗುವ ಮುಂಚೆ ನಾನು ಮುಲಾಮು ಹಾಕಿ, ಪೇಪರ್ ಟೇಪಿನಿಂದ ರೆಪ್ಪೆ ಅಂಟಿಸುತ್ತಿದ್ದೆ. "ಪಾರ್ಸೆಲ್ ರೆಡಿಯಾ?" ಎಂದು ಕೇಳುತ್ತಿದ್ದರು.

ಆಫೀಸಿನ ಕೆಲಸಕ್ಕೇನೂ ತೊಂದರೆಯಾಗಲಿಲ್ಲ. ಕಂಪ್ಯೂಟರ್ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಅರ್ಧ ಮುಖವಿದ್ದರೂ ನಡೆಯುತ್ತದೆ. ಆದರೆ ಇವರದು ಕರಾವಳಿಯ ವಾದ್ಯದ ಮನೆತನ. ನನ್ನ ತವರು ಮೈಸೂರು; ನಮ್ಮ ಕಡೆ ಮದುವೆಗೆ ನಾಗಸ್ವರ. ಇವರ ಕಡೆ ದೇವಸ್ಥಾನವಿರಲಿ, ಮದುವೆಯಿರಲಿ, ಸ್ಯಾಕ್ಸೋಫೋನ್. ನಮ್ಮ ಮದುವೆಯ ದಿನ ನನ್ನ ಸೋದರಮಾವ ಚಪ್ಪರದಲ್ಲಿ ನಿಂತು, "ಇದೇನೇ, ಬ್ಯಾಂಡ್ ಸೆಟ್ಟಿನವರು ಕಲ್ಯಾಣಿ ರಾಗ ಊದ್ತಾ ಇದಾರೆ!" ಎಂದು ಬಾಯಿ ಬಿಟ್ಟಿದ್ದರು. ಮಾಂಗಲ್ಯದ ಹೊತ್ತಿಗೆ ಪುರೋಹಿತರು ಕೈ ಎತ್ತಿದರು ನೋಡಿ, ಇವರ ಅಣ್ಣ ಊದಿದ ಗಟ್ಟಿಮೇಳಕ್ಕೆ ನನ್ನ ಜಡೆಯ ಹೂವೇ ನಡುಗಿತ್ತು. ಯಾರಾದರೂ ಸೀನಲಿ, ಅಪಶಕುನದ ಮಾತಾಡಲಿ, ಮದುಮಕ್ಕಳ ಕಿವಿಗೆ ಬೀಳಬಾರದು. ಅದಕ್ಕೇ ಆ ಅಬ್ಬರ. ಇವರೂ ಕಾಲೇಜು ಓದುತ್ತಿದ್ದಾಗ ಲಗ್ನದ ದಿನಗಳಲ್ಲಿ ತಂದೆಯ ಪಕ್ಕ ಕೂತು, ಪುರೋಹಿತರ ಕೈಯನ್ನೇ ನೋಡುತ್ತ ಎಷ್ಟೋ ಮದುವೆಗಳಿಗೆ ಊದಿದವರು.

ಅಮೆರಿಕಕ್ಕೆ ಬಂದ ಮೇಲೂ ಅದು ಬಿಟ್ಟಿರಲಿಲ್ಲ. ಆಫೀಸಿನಿಂದ ಬಂದು ಕಾಫಿ ಕುಡಿದು ಬೇಸ್ಮೆಂಟಿಗೆ ಇಳಿದರೆ ನನಗೆ ಪಲ್ಯಕ್ಕೆ ಹೆಚ್ಚಿ ಮುಗಿಯುವವರೆಗೆ ಕೆಳಗಿನಿಂದ ಆಲಾಪನೆ ಕೇಳುತ್ತಿತ್ತು. ಯುಗಾದಿಗೆ, ಯಾರದೋ ಗೃಹಪ್ರವೇಶಕ್ಕೆ ಕರೆದರೆ ಹೋಗಿ ಊದಿ ಬರುತ್ತಿದ್ದರು.

ಬೇಸಿಗೆಯ ಹೊತ್ತಿಗೆ ಮುಖ ನೆಟ್ಟಗಾಯಿತು, ಕಣ್ಣೂ ಹೆಚ್ಚುಕಡಿಮೆ ಮುಚ್ಚತೊಡಗಿತು. ಆದರೆ ತುಟಿಯ ಬಲತುದಿ ಗಾಳಿ ಹಿಡಿಯುತ್ತಿರಲಿಲ್ಲ. ವಾದ್ಯ ಬಾಯಿಗಿಟ್ಟು ಊದಿದರೆ ಆ ತುದಿಯಿಂದ 'ಸುಸ್' ಎಂದು ಉಸಿರು ಸೋರಿ, ಸ್ವರ ಅಲ್ಲೇ ಕುಸಿಯುತ್ತಿತ್ತು. ಫಿಸಿಯೋಥೆರಪಿಯವಳು ಹೇಳಿಕೊಟ್ಟ ಹಾಗೆ ಕನ್ನಡಿಯ ಮುಂದೆ ನಿಂತು ತುಟಿ ಚಾಚುವುದು, ಸ್ಟ್ರಾದಲ್ಲಿ ನೀರು ಗುಳುಗುಳಿಸುವುದು, ಬಲೂನ್ ಊದುವುದು, ಎಲ್ಲ ಆಯಿತು. ನಾನು ಸೇರಿಸಿದ ಚಿಕಿತ್ಸೆ ಪ ಫ ಬ ಭ ಮ. ದಿನಾ ಸ್ನಾನಕ್ಕೆ ಮುಂಚೆ ಗಟ್ಟಿಯಾಗಿ ಹೇಳಿಸುತ್ತಿದ್ದೆ. ಮಗಳು ಬಾಗಿಲಿಗೆ ಒರಗಿ, "ಅಪ್ಪಾ, ಯು ಸೌಂಡ್ ಲೈಕ್ ಅ ಬೇಬಿ" ಎನ್ನುತ್ತಿದ್ದಳು. ಮನೆಯಲ್ಲಿ ಎಲ್ಲಿ ನೋಡಿದರೂ ಅರ್ಧ ಊದಿದ ಬಲೂನುಗಳು.

ಆಮೇಲೆ ಒಂದು ದಿನ ಇವರು ಪ್ರಯತ್ನವನ್ನೇ ಬಿಟ್ಟರು. ಪೆಟ್ಟಿಗೆ ಮಂಚದ ಕೆಳಗೆ ಹೋಯಿತು. ಊಟಕ್ಕೆ ಕೂತರೆ ಎಡಗೈ ಬೆರಳುಗಳು ತಟ್ಟೆಯ ಅಂಚಿನ ಮೇಲೆ ತಮ್ಮಷ್ಟಕ್ಕೆ ಸ್ವರ ಹಿಡಿಯುವುದು ಇವರ ಅಭ್ಯಾಸ. ಇಪ್ಪತ್ತು ವರ್ಷ ಅದನ್ನು ನೋಡುತ್ತಲೇ ನಾನು ಬಡಿಸಿದ್ದೆ. ಅದೂ ನಿಂತಿತು. ಕಾರಿನಲ್ಲಿ ಗುನುಗುವುದು ನಿಂತಿತು. ಮಾತಿಗೆ, ಜೋಕಿಗೆ ಏನೂ ಕೊರತೆಯಿರಲಿಲ್ಲ, ಹೊರಗಿನವರಿಗೆ ತಿಳಿಯುವಂಥದ್ದೂ ಅಲ್ಲ. ಆದರೆ ತಟ್ಟೆಯ ಪಕ್ಕ ಸುಮ್ಮನೆ ಬಿದ್ದಿರುತ್ತಿದ್ದ ಆ ಕೈಯನ್ನು ನೋಡುವುದು ನನಗೆ ಟೇಪು ಅಂಟಿಸುವುದಕ್ಕಿಂತ ಕಷ್ಟವಾಗಿತ್ತು.

ಮುಂದಿನ ವಸಂತದಲ್ಲಿ ನಮ್ಮ ಸಾಲಿನವರೆಲ್ಲ ಸೇರಿ, ಬೇಡದ ಸಾಮಾನನ್ನು ಮನೆ ಮುಂದಿಟ್ಟು ಮಾರುವ ಯಾರ್ಡ್ ಸೇಲ್ ಮಾಡಿದೆವು. ಹಳೆ ಮೈಕ್ರೋವೇವಿಗೂ ಮಗಳಿಗೆ ಚಿಕ್ಕದಾದ ಸೈಕಲ್ಲಿಗೂ ನಡುವೆ ಇವರು ಸ್ಯಾಕ್ಸೋಫೋನಿನ ಪೆಟ್ಟಿಗೆ ತಂದಿಟ್ಟು ಮುಚ್ಚಳ ತೆರೆದರು. ಬೇಡ ಎಂದರೆ ಇವರ ಹಟ ಇನ್ನೂ ಹೆಚ್ಚುತ್ತದೆ ಎಂದು ಗೊತ್ತು. ದೇವರೇ, ಯಾರೂ ಕೊಳ್ಳದಿರಲಿ ಎಂದುಕೊಂಡು ಲೋಟಗಳನ್ನು ಜೋಡಿಸುತ್ತಿದ್ದೆ.

ಆಗ ಬಂದವಳು ಪಕ್ಕದ ಮನೆಯಾಕೆ. ಸ್ಕೂಲ್ ಬಸ್ ಡ್ರೈವರ್. ನಮ್ಮ ಮಗಳು ಹೋಗುತ್ತಿದ್ದುದೂ ಅವಳ ಬಸ್ಸಿನಲ್ಲೇ. ತಂದೆ ನೈಜೀರಿಯಾದವರು, ಆಕೆ ಹುಟ್ಟಿ ಬೆಳೆದದ್ದು ಹತ್ತಿರದ ವಾಷಿಂಗ್ಟನ್ ಡಿಸಿಯಲ್ಲಿ. ಪೆಟ್ಟಿಗೆಯ ಮುಂದೆ ನಿಂತು ಕೇಳಿದಳು. ಇಂಗ್ಲಿಷಿನಲ್ಲೇ ಅನ್ನಿ, ನನ್ನ ಕಿವಿಯಲ್ಲಿ ಉಳಿದಿರುವುದು ಹೀಗೆ:

"ಇದನ್ನ ಊದೋರು ಯಾರು?"

"ಈಗ ಯಾರೂ ಇಲ್ಲ" ಎಂದರು ಇವರು.

"ಈಗ ಅಂದ್ರೆ?"

ಇವರು ತುಟಿಯ ಬಲತುದಿಯನ್ನು ತೋರಿಸಿ, "ಇಲ್ಲಿ ಪಂಕ್ಚರ್" ಎಂದರು.

"ನೋಡಪ್ಪಾ, ನಾನು ಬಸ್ ಓಡಿಸೋಳು. ಪಂಕ್ಚರ್ ಆಯ್ತು ಅಂತ ಯಾರಾದ್ರೂ ಬಸ್ಸೇ ಮಾರ್ತಾರಾ?" ಆಕೆ ಬಗ್ಗಿ ಮುಚ್ಚಳ ಹಾಕಿದಳು. ಮಗಳು ಬರೆದಿಟ್ಟಿದ್ದ 'ಸೋಲ್ಡ್' ಚೀಟಿಯೊಂದನ್ನು ಎತ್ತಿಕೊಂಡು ಪೆಟ್ಟಿಗೆಯ ಮೇಲೆ ಅಂಟಿಸಿದಳು. "ಶನಿವಾರ ಮಧ್ಯಾಹ್ನ ನನ್ನ ಗ್ಯಾರೇಜಿಗೆ ಬಾ. ಇದನ್ನೂ ಕರ್ಕೊಂಡು ಬಾ."

ಆ ಗ್ಯಾರೇಜಿನ ಸದ್ದು ನಮಗೆ ಹೊಸದಲ್ಲ. ಶನಿವಾರ ಮಧ್ಯಾಹ್ನವಾದರೆ ನಮ್ಮ ಅಡುಗೆಮನೆಯ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಕಿಣಿಗುಡುತ್ತಿದ್ದವು. ಅದೊಂದು ಆಫ್ರೋಬೀಟ್ ಬ್ಯಾಂಡು. ಡ್ರಮ್ಮು, ಎರಡು ಗಿಟಾರು, ಟ್ರಂಪೆಟ್ಟು, ದೊಡ್ಡ ಸ್ಯಾಕ್ಸೋಫೋನುಗಳು. ಪಕ್ಕದ ಮನೆಯಾಕೆಯ ಕೈಯಲ್ಲಿ ಮಣಿಗಳ ಬಲೆ ಹೊದಿಸಿದ, ಅಲ್ಲಾಡಿಸಿ ನುಡಿಸುವ ಒಣ ಸೋರೆಬುರುಡೆ. ಹಾಡುವ ಲೀಡರ್ ನೈಜೀರಿಯಾದ ಲಾಗೋಸಿನಿಂದ ಬಂದ ದಪ್ಪ ಮನುಷ್ಯ, ವಾರವೆಲ್ಲ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತಾನೆ. ಅವರ ಊರಿನಲ್ಲಿ ಸೈನಿಕರ ಸರಕಾರವಿದ್ದ ಕಾಲದಲ್ಲಿ ಬೆಳೆದ ಸಂಗೀತವಂತೆ ಇದು. "ಬರೀ ಬೈದರೆ ಜನ ಮನೆಗೆ ಹೋಗ್ತಾರೆ, ಕುಣಿಸ್ತಾ ಬೈದರೆ ಕೊನೇವರೆಗೂ ಕೇಳ್ತಾರೆ" ಎಂದು ಅವನೇ ಒಮ್ಮೆ ನನಗೆ ವಿವರಿಸಿದ್ದ. ಆಗ ಅಮೆರಿಕ ಎಣ್ಣೆಬಾವಿಗಳ ನಾಡಿನ ಮೇಲೆ ಯುದ್ಧ ಶುರುಮಾಡಿ ಒಂದು ವರ್ಷ ದಾಟಿತ್ತು. ಎಣ್ಣೆ ಯಾರ ಮನೆಗೆ, ಶವಪೆಟ್ಟಿಗೆಯಲ್ಲಿ ಬಂದ ಮಗ ಯಾರ ಮನೆಗೆ ಎಂದು ಅವನು ಹಾಡಿನಲ್ಲಿ ಕೇಳುತ್ತಿದ್ದ. ಕೇಳುವ ಮಾತು ಅಂಥದ್ದು, ಆದರೂ ಒಗ್ಗರಣೆ ಹಾಕುತ್ತಿದ್ದ ನನ್ನ ಕಾಲು ಅದರ ಪಾಡಿಗೆ ತಾಳ ಹಾಕುತ್ತಿತ್ತು.

ಇವರು ಶನಿವಾರ ಹೋದರು. ನಾನೂ ಮಜ್ಜಿಗೆಯ ನೆವ ಮಾಡಿಕೊಂಡು ಹಿಂದೆಯೇ ಹೋದೆ. ಲೀಡರ್ ಇವರ ತುಟಿಯ ಕತೆಯನ್ನೆಲ್ಲ ಕೇಳಿ, "ಉದ್ದದ ಸ್ವರ ಬೇಡ. ನಿನ್ನ ಕೆಲಸ ಇಷ್ಟು: ಪಾ, ಪಾಪ್. ನಾನು ಸಾಕು ಅನ್ನೋವರೆಗೂ" ಎಂದ. ಅಷ್ಟೇ. ಮುಖದ ಬಗ್ಗೆ ಒಂದು ಅಯ್ಯೋ ಪಾಪವಿಲ್ಲ.

ಸಂಜೆ ಇವರು ಬೆವರು ಒರೆಸುತ್ತ ಮನೆಗೆ ಬಂದರು.

"ಇಪ್ಪತ್ತು ನಿಮಿಷ ಎರಡೇ ಸ್ವರ ಮಾರಾಯ್ತಿ! ನಮ್ಮ ಅಪ್ಪ ಕೇಳಿದ್ದರೆ ವಾದ್ಯ ಕಿತ್ತುಕೊಂಡು ಬೈಯ್ತಿದ್ರು."

"ಮತ್ತೆ ಬರೋ ವಾರ ಹೋಗಲ್ವಾ?"

"ಹೋಗದೆ ಎಂತ? ನಾನು ಬಿಟ್ರೆ ಅಲ್ಲೊಂದು ತೂತು ಬೀಳ್ತದೆ."

ಆ ಎರಡು ಸ್ವರಗಳ ನಡುವೆ ತುಟಿಗೆ ಸುಧಾರಿಸಿಕೊಳ್ಳಲು ಸಮಯವಿತ್ತು. ಅಕ್ಕಪಕ್ಕದಲ್ಲಿ ಇನ್ನೂ ಮೂವರು ಊದುತ್ತಿದ್ದುದರಿಂದ ಸೋರಿದ್ದು ಯಾರಿಗೂ ಕೇಳುತ್ತಿರಲಿಲ್ಲ. ಎಷ್ಟೋ ಶನಿವಾರಗಳು ಹೀಗೇ ಹೋದವು. ಆದರೂ ಒಬ್ಬರೇ ಊದಲು ಇವರಿಗೆ ಧೈರ್ಯವಿರಲಿಲ್ಲ. ಬೇಸ್ಮೆಂಟಿಗೆ ಇಳಿಯಲಿಲ್ಲ. ತಟ್ಟೆಯ ಅಂಚು ಸುಮ್ಮನೇ ಇತ್ತು. "ಗುಂಪಲ್ಲಿ ಆಗ್ತದೆ. ಒಬ್ಬನೇ ಆಗ್ಲಿಕ್ಕಿಲ್ಲ, ಇನ್ನು ಅಷ್ಟೇ" ಎಂದು ಒಮ್ಮೆ ಪಾತ್ರೆ ಒರೆಸುತ್ತ ಹೇಳಿದರು. ನಾನು ಉಪ್ಪಿನ ಶಾಖ ಮಾತ್ರ ತಪ್ಪಿಸಲಿಲ್ಲ.

ಬೇಸಿಗೆಯಲ್ಲಿ ರೆಸ್ಟನ್ನಿನ ಕೆರೆಯ ಪಕ್ಕದ ಚೌಕದಲ್ಲಿ ಭಾನುವಾರ ಮಧ್ಯಾಹ್ನ ಯಾರಾದರೂ ಹಾಡುತ್ತಾರೆ. ಬ್ಯಾಂಡಿಗೆ ಅಲ್ಲಿಂದ ಕರೆ ಬಂತು. ಸುದ್ದಿ ಹರಡಿ, ಕನ್ನಡ ಸಂಘದ ಹಿರಿಯ ಆಂಟಿಯೊಬ್ಬರು ಫೋನ್ ಮಾಡಿದರು.

"ಏನ್ರೀ, ನಿಮ್ಮ ಯಜಮಾನ್ರು ಗವರ್ನಮೆಂಟನ್ನ ಬೈಯೋ ಬ್ಯಾಂಡಲ್ಲಿ ಸೇರ್ಕೊಂಡಿದಾರಂತೆ? ಗ್ರೀನ್ ಕಾರ್ಡ್ ಬಂತಾ?"

"ಇಲ್ಲ ಆಂಟಿ, ಪ್ರೊಸೆಸ್‌ನಲ್ಲಿದೆ."

"ಮತ್ತೆ? ಬಾಯಿ ಮುಚ್ಕೊಂಡಿರಿ ಅಂತ ಹೇಳಬಾರ್ದಾ?"

"ಅವರ ಬಾಯಿ ತೆರೆಯೋದಕ್ಕೇ ಒಂದೂವರೆ ವರ್ಷ ಕಷ್ಟಪಟ್ಟಿದೀನಿ ಆಂಟಿ" ಎಂದೆ. ಫೋನಿಟ್ಟ ಮೇಲೆ ನನಗೂ ಒಳಗೊಳಗೆ ಹೆದರಿಕೆಯಾಯಿತು. ಇವರಿಗೆ ಹೇಳಿದರೆ, "ನಾನು ಊದುದು ಎರಡು ಸ್ವರ. ಅದರಲ್ಲಿ ಎಂತ ರಾಜದ್ರೋಹ ಉಂಟು?" ಎಂದು ನಕ್ಕರು.

ಹೀಗೆ ಆ ಭಾನುವಾರ ಬಂತು. ಕಾದ ಇಟ್ಟಿಗೆಯ ನೆಲ, ನಿಂಬೆ ಶರಬತ್ತಿನ ಅಂಗಡಿ, ಮಡಿಸುವ ಕುರ್ಚಿಗಳಲ್ಲಿ ಕೂತ ಜನ. ನಾನು ಮತ್ತು ಮಗಳು ಮುಂದಿನ ಸಾಲಿನಲ್ಲಿದ್ದೆವು. ಫೋನ್ ಮಾಡಿದ್ದ ಆಂಟಿಯೂ ಕಪ್ಪು ಕನ್ನಡಕ ಹಾಕಿಕೊಂಡು ಬಂದು, "ನಾನು ಶಾಪಿಂಗಿಗೆ ಬಂದಿದ್ದೆ ಕಣ್ರೀ" ಎನ್ನುತ್ತ ಪಕ್ಕದಲ್ಲೇ ಕೂತರು. ಒದ್ದೆ ಸರಿಯಾಗಿ ಆರದ ಕೆಂಪು ಜುಬ್ಬದಲ್ಲಿ ಇವರು ಸ್ಟೇಜಿನ ತುದಿಯಲ್ಲಿದ್ದರು. ಮೊದಲ ಹಾಡಿಗೇ ಮಕ್ಕಳು ಎದ್ದು ಕುಣಿದರು, ಎರಡನೆಯದಕ್ಕೆ ಅವರ ಅಮ್ಮಂದಿರು. ಪಾ, ಪಾಪ್. ಇವರು ಕಣ್ಣು ಮಿಟುಕಿಸದೆ ಲೀಡರನ್ನೇ ನೋಡುತ್ತಿದ್ದರು.

ಮೂರನೆಯದು ಯುದ್ಧದ ಹಾಡು. ಅರ್ಧದಲ್ಲಿ ಹಿಂದಿನ ಸಾಲಿನಿಂದ ಟೋಪಿ ಹಾಕಿದ್ದ ಹಿರಿಯರೊಬ್ಬರು ಎದ್ದು ನಿಂತರು. "ನಮ್ಮ ಹುಡುಗರು ಅಲ್ಲಿ ಸಾಯ್ತಿದಾರೆ, ನೀವಿಲ್ಲಿ ಕುಣೀತೀರಾ? ಇಷ್ಟ ಇಲ್ಲದಿದ್ರೆ ನಿಮ್ಮ ನಿಮ್ಮ ದೇಶಕ್ಕೆ ಹೋಗಿ!" ಎಂದು ಕೂಗತೊಡಗಿದರು. ಕುಣಿಯುತ್ತಿದ್ದವರು ತಿರುಗಿ ನೋಡಿದರು. ಆಂಟಿ ನನ್ನ ಮೊಣಕೈ ಹಿಡಿದರು.

ಲೀಡರ್ ಬಲಗೈಯನ್ನು ಮೇಲೆತ್ತಿದ.

ಗ್ಯಾರೇಜಿನಲ್ಲಿ ಹಾಡಿನ ನಡುವೆ ನಿಲ್ಲಿಸಬೇಕಾದರೆ ಅವನು ಬಾಯಲ್ಲೇ ಕೂಗುತ್ತಿದ್ದ. ಸ್ಟೇಜಿನ ಮೇಲೆ ಕೈ ಎತ್ತುತ್ತಾನೆ, ಎತ್ತಿದರೆ ಎಲ್ಲರೂ ತಟ್ಟನೆ ನಿಲ್ಲಿಸಬೇಕು ಎನ್ನುವುದು ಹಳಬರಿಗೆಲ್ಲ ಗೊತ್ತು. ಇವರಿಗೆ ಅದನ್ನು ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಇವರಿಗೆ ಗೊತ್ತಿದ್ದದ್ದು ಒಂದೇ. ನಡುವಿನಲ್ಲಿ ನಿಂತವರು ಕೈ ಎತ್ತಿದರೆ ಗಟ್ಟಿಮೇಳ!

ಡ್ರಮ್ಮು ನಿಂತಿತು, ಗಿಟಾರು ನಿಂತಿತು, ಸೋರೆಬುರುಡೆ ನಿಂತಿತು. ಇವರೊಬ್ಬರೇ ಊದಿದರು. ಎರಡು ಸ್ವರವಲ್ಲ. ಮೇಲಿನ ಷಡ್ಜಕ್ಕೆ ಹಾರಿ, ಅಲ್ಲಿಂದ ಸುರಿದು, ಮತ್ತೆ ಹಾರಿ, ಉಸಿರು ಬಿಗಿಹಿಡಿದು, ನನ್ನ ಮದುವೆಯ ದಿನ ಅಣ್ಣ ಊದಿದ್ದ ಹಾಗೆಯೇ. ಕೆರೆಯ ಬಾತುಗಳೆಲ್ಲ ಒಟ್ಟಿಗೆ ಎದ್ದವು. ಟೋಪಿಯವರ ಬಾಯಿ ಆಡುತ್ತಿತ್ತು, ಒಂದು ಅಕ್ಷರವೂ ಯಾರಿಗೂ ಕೇಳುತ್ತಿರಲಿಲ್ಲ. ಮಗಳು ಮುಖ ಮುಚ್ಚಿಕೊಂಡು, "ಓ ಮೈ ಗಾಡ್, ಅಮ್ಮಾ, ಮೇಕ್ ಹಿಮ್ ಸ್ಟಾಪ್" ಎಂದಳು. ನಾನು ಕೈ ಮಡಿಲಲ್ಲಿಟ್ಟುಕೊಂಡು ಆ 'ಸುಸ್' ಈಗ ಬಂತು, ಈಗ ಬಂತು ಎಂದು ಕಾಯುತ್ತಿದ್ದೆ. ಬರಲಿಲ್ಲ. ಆ ತುದಿ ಹಿಡಿದಿತ್ತು. ಒಬ್ಬರೇ ಊದುತ್ತಿದ್ದರು, ಮುಚ್ಚಿಡಲು ಪಕ್ಕದಲ್ಲಿ ಇನ್ನೊಂದು ವಾದ್ಯವಿಲ್ಲ, ಆದರೂ ಹಿಡಿದಿತ್ತು.

ಲೀಡರ್ ತಿರುಗಿ ನೋಡಿದ. ಎತ್ತಿದ ಕೈ ಹಾಗೇ ಇತ್ತು. ಇಳಿಸಬಹುದಿತ್ತು, ಇಳಿಸಲಿಲ್ಲ, ಆ ಮನುಷ್ಯ ಆ ಕೆಲವು ಕ್ಷಣ ಕೈ ಇಳಿಸದೆ ನಿಂತದ್ದಕ್ಕೆ ನಾನು ಇವತ್ತಿಗೂ ದೀಪ ಹಚ್ಚುವಾಗ ಅವನನ್ನು ನೆನೆಯುತ್ತೇನೆ. ಆಮೇಲೆ ಮೆಲ್ಲಗೆ ಇಳಿಸಿದ. ಮಾಂಗಲ್ಯ ಕಟ್ಟಿಯಾದ ಹಾಗೆ ಇವರೂ ನಿಲ್ಲಿಸಿದರು. ನಿಲ್ಲಿಸಿ ಸುತ್ತ ನೋಡಿದಾಗಲೇ ಉಳಿದವರ ವಾದ್ಯಗಳು ಸುಮ್ಮನಿದ್ದದ್ದು ತಿಳಿದಿದ್ದು. ಮುಖ ಜುಬ್ಬದ ಬಣ್ಣಕ್ಕೆ ತಿರುಗಿತು.

"ನಾನು ಹೇಳಿದ್ದು ನಿಲ್ಲಿಸಿ ಅಂತ" ಎಂದ ಲೀಡರ್ ಮೈಕಿನಲ್ಲಿ. ಚೌಕವೆಲ್ಲ ನಕ್ಕಿತು, ಚಪ್ಪಾಳೆ ತಟ್ಟಿತು. ನಗು ಇಳಿದ ಮೇಲೆ ಅವನು ಟೋಪಿಯವರ ಕಡೆ ನೋಡಿ, "ಸಾರ್, ನಿಮ್ಮವರು ಯಾರಾದ್ರೂ ಅಲ್ಲಿದಾರಾ?" ಎಂದು ಮೆತ್ತಗೆ ಕೇಳಿದ.

"ಮೊಮ್ಮಗ" ಎಂದರು ಅವರು.

"ಅವನು ನಡೆದುಕೊಂಡು ಮನೆಗೆ ಬರಲಿ ಅಂತಲೇ ಈ ಹಾಡು" ಎಂದ ಲೀಡರ್. ಹಿರಿಯರು ಚಪ್ಪಾಳೆ ತಟ್ಟಲಿಲ್ಲ. ಆದರೆ ಕೂತರು, ಕೊನೆಯವರೆಗೂ ಎದ್ದು ಹೋಗಲಿಲ್ಲ. ಲೀಡರ್ ಕಾಲು ಕುಟ್ಟಿದ, ಹಾಡು ಬಿಟ್ಟಲ್ಲಿಂದ ಶುರುವಾಯಿತು. ಆಂಟಿ ಪರ್ಸನ್ನು ಕಂಕುಳಲ್ಲಿ ಇರುಕಿಕೊಂಡು ಎದ್ದು ನಿಂತು, "ಕಾಲು ಜೋಮು ಹಿಡಿದಿತ್ತು ಕಣ್ರೀ" ಎನ್ನುತ್ತ ಹಾಡು ಮುಗಿಯುವವರೆಗೂ ಜೋಮು ಬಿಡಿಸಿಕೊಂಡರು.

ಎಲ್ಲ ಮುಗಿದು ಮರದ ನೆರಳಿನಲ್ಲಿ ನಾನು ಚಿತ್ರಾನ್ನ ಹಂಚುತ್ತಿದ್ದಾಗ ಇವರು ಲೀಡರಿಗೆ ಗಟ್ಟಿಮೇಳವೆಂದರೇನು ಎಂದು ವಿವರಿಸುತ್ತ, "ಸಾರಿ, ಸಾರಿ" ಎನ್ನುತ್ತಿದ್ದರು.

"ಅಂದ್ರೆ ಕೆಟ್ಟ ಮಾತು ಕೇಳಿಸಬಾರದು ಅಂತ ಊದೋದಾ?"

"ಹೌದು."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಸಾರಿ ಯಾಕೆ? ಇನ್ನು ಮೇಲೆ ಆ ಹಾಡಿಗೆ ಇದೇ ಪದ್ಧತಿ. ನಾನು ಕೈ ಎತ್ತಿದರೆ ಎಲ್ಲರೂ ನಿಲ್ಲಿಸಿ, ನೀನು ಮದುವೆ ಮಾಡಿಸು."

ಪಕ್ಕದ ಮನೆಯಾಕೆ ಕಡಲೆಬೀಜದ ಡಬ್ಬಿಗೆ ಕೈ ಹಾಕುತ್ತ, "ನಿನ್ನ ಪಂಕ್ಚರ್ ಎಲ್ಲಪ್ಪಾ?" ಎಂದಳು. ಇವರು ತುಟಿ ಮುಟ್ಟಿ ನೋಡಿಕೊಂಡರು. ಆಕೆ ಇವರ ತಟ್ಟೆಗೆ ಇನ್ನಷ್ಟು ಬೀಜ ಸುರಿದಳು.

ಈಗ ನಾವು ಅಮೆರಿಕದ ದಕ್ಷಿಣಕ್ಕೆ ಇಳಿದು ಫೋರ್ಟ್ ಮಿಲ್ ಎಂಬ ಊರಿಗೆ ಬಂದಿದ್ದೇವೆ. ಊರು ಬಿಡುವವರೆಗೂ ಇವರು ಆ ಬ್ಯಾಂಡಿನಲ್ಲಿ ಆ ಪದ್ಧತಿ ನಡೆಸಿದರು. ಗ್ರೀನ್ ಕಾರ್ಡೂ ಅದರ ಪಾಡಿಗೆ ಬಂತು. ತುಟಿ ಪೂರ್ತಿ ಮೊದಲಿನಂತಾಯಿತು ಎಂದರೆ ಸುಳ್ಳಾದೀತು. ಆಲಾಪನೆಯ ಉದ್ದ ಸ್ವರಗಳಲ್ಲಿ ಇವತ್ತಿಗೂ ಒಮ್ಮೊಮ್ಮೆ ಗಾಳಿ ಸೋರುತ್ತದೆ. "ಇರ್ಲಿ, ಅಲ್ಲೊಂದು ಕಿಟಕಿ ಉಂಟು" ಎನ್ನುತ್ತಾರೆ. ಆದರೆ ದಿನಾ ಸಂಜೆ ಊದುತ್ತಾರೆ. ಪಕ್ಕದ ಮನೆಯಾಕೆ ಫೋನ್ ಮಾಡಿದಾಗ ನಾನು ಫೋನನ್ನು ಸ್ವರ ಕೇಳಿಬರುವ ಮೆಟ್ಟಿಲ ಕಡೆ ಹಿಡಿಯುತ್ತೇನೆ.

ಆ ಭಾನುವಾರ ಮನೆಗೆ ಬಂದಾಗ ಹೊರಗೆ ಇನ್ನೂ ಬಿಸಿಲಿತ್ತು. ಚಿತ್ರಾನ್ನ ಒಂದು ಅಗುಳೂ ಉಳಿದಿರಲಿಲ್ಲ. ಅನ್ನಕ್ಕಿಟ್ಟೆ, ಬೆಳಗಿನ ಇಡ್ಲಿಗೆ ಮಾಡಿದ್ದ ಸಾಂಬಾರ್ ಬಿಸಿ ಮಾಡಿದೆ. ಪಕ್ಕದ ಮನೆಯಾಕೆ ತಾನು ಮಾಡಿದ್ದ, ಪಾಲಕ್ಕು, ಕಡಲೆಬೀಜ ಹಾಕಿದ ಗಟ್ಟಿ ಸಾರು ಕೊಟ್ಟು ಹೋದಳು. ಮಗಳು ಅನ್ನಕ್ಕೆ ಅದನ್ನೇ ಕಲಸಿಕೊಂಡಳು. ಇವರ ತುಟಿ ಊದಿ ಉರಿಯುತ್ತಿದ್ದುದರಿಂದ ಖಾರ ತಿನ್ನಲಾಗಲಿಲ್ಲ, ತಣ್ಣನೆಯ ಮೊಸರನ್ನ ಉಂಡರು.

"ಅಪ್ಪಾ, ದಟ್ ವಾಸ್ ಸೋ ಎಂಬರಾಸಿಂಗ್" ಎಂದಳು ಮಗಳು. ಇನ್ನೊಂದು ತುತ್ತು ಬಾಯಿಗಿಟ್ಟು, "ಮತ್ತೆ ಮಾಡ್ತೀಯಾ?" ಎಂದಳು.

ಇವರು ಬಾಯಿ ತುಂಬ ಮೊಸರನ್ನವಿದ್ದದ್ದರಿಂದ ಹೌದೆಂದು ತಲೆಯಾಡಿಸಿದರು. ಎಡಗೈ ಬೆರಳುಗಳು ತಟ್ಟೆಯ ಅಂಚಿನ ಮೇಲೆ ಓಡಾಡುತ್ತಿದ್ದವು. ನಾನು ನೋಡದವಳ ಹಾಗೆ ಉಪ್ಪಿನಕಾಯಿ ಬಡಿಸಿದೆ.

ಪಾತ್ರೆ ತೊಳೆದು ಬರುವಷ್ಟರಲ್ಲಿ ಇವರು ಸೋಫಾದ ಮೇಲೆ, ಜುಬ್ಬವನ್ನೂ ಬಿಚ್ಚದೆ, ಎಲ್ಲರಿಗಿಂತ ಮೊದಲು ನಿದ್ದೆ ಹೋಗಿದ್ದರು. ಎರಡೂ ಕಣ್ಣು ಪೂರ್ತಿ ಮುಚ್ಚಿದ್ದವು.